ಕರೆಂಟಿನ ಮಡ್ಡಿ

ಕರೆಂಟಿಗೂ ಮಡ್ಡಿ ಕಟ್ಟುತ್ತದೆ, ಅದನ್ನು ಬಗ್ಗಿಸಿ ಚೆಲ್ಲಬಹುದು ಎಂದು ನಂಬಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಸೋದರಮಾವ ಆಗಬೇಕೆ? ಅದೂ ಸಾಲದೆಂದು, ಮದ್ದೂರಿನ ಶಾಲೆಗೆ ಮೇಷ್ಟರಾಗಿ ಬಂದ ನಾನು ಅವರ ಮನೆಯಲ್ಲೇ ಇರಬೇಕೆ!

ಮಾವನಿಗೆ ಆಲೆಮನೆಯಿತ್ತು. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ತೇಲಿದ ಮಡ್ಡಿ ತೆಗೆದು, ಚಿನ್ನದ ಬಣ್ಣದ ಬೆಲ್ಲ ಮಾಡುವುದರಲ್ಲಿ ಅವರದು ಎತ್ತಿದ ಕೈ. ಯಾವ ಕೊಳೆಯಾದರೂ ಮೇಲೆ ತೇಲಬೇಕು, ಇಲ್ಲವೇ ತಳಕ್ಕೆ ಕೂರಬೇಕು. ಅವರಿಗೆ ಗೊತ್ತಿದ್ದ ವಿಜ್ಞಾನ ಇಷ್ಟೇ. ಬೆಲ್ಲಕ್ಕೆ ಅದು ಸಾಕಾಗಿತ್ತು. ಆದರೆ ಯುದ್ಧದ ಸುದ್ದಿ ಕೇಳಲೆಂದು ಮನೆಗೆ ರೇಡಿಯೊ ತಂದರು ನೋಡಿ, ಅಲ್ಲಿಂದ ಶುರುವಾಯಿತು.

"ಏನೋ ಗುಂಯ್ ಅಂತದೆ ಕಣ್ರೀ, ಮಾತೇ ತಿಳಿಯಾಕಿಲ್ಲ" ಎಂದರು ಅತ್ತೆ.

ಮಾವ ಪೆಟ್ಟಿಗೆಗೆ ಕಿವಿಯಿಟ್ಟು ತೀರ್ಪು ಕೊಟ್ಟರು: "ಶಿವನಸಮುದ್ರದಿಂದ ಬರಾಗ ಚೆನ್ನಾಗೇ ಇರ್ತದೆ ಕಣೆ. ನಮ್ ಬೀದಿ ಅಕ್ಕಿ ಮಿಲ್ಲೊಳಗೆ ಒಕ್ಕಂಡು ಈಚೆಗೆ ಬರೋವೊತ್ಗೆ ತೌಡೆಲ್ಲ ಮೆತ್ಕಂಡಿರ್ತದೆ." ಇದನ್ನೂ ಅವರು ಬೀದಿಗೆಲ್ಲ ಕೇಳುವಂತೆ ಕೂಗಿಯೇ ಹೇಳಿದರು. ಮನೆಯಲ್ಲಿ ಅವರ ಮಾತೇ ಹಾಗೆ. ಗೌಡರ ಗತ್ತು ಎಂದು ನಾನು ತಿಳಿದಿದ್ದೆ.

ಅದೇ ವಾರ ಮೈಸೂರಿನಿಂದ ಮಾವನ ಮಗಳ ಕಾಗದ ಬಂತು. ಮುಂದಿನ ತಿಂಗಳ ಮೊದಲನೇ ಭಾನುವಾರ ಸಂಜೆ ಅವಳು ರೇಡಿಯೊದಲ್ಲಿ ಹಾಡುತ್ತಾಳಂತೆ! ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಅವಳ ದನಿ ಕೇಳಿರಲಿಲ್ಲ. ಅತ್ತೆ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡೇ ಓಡಾಡತೊಡಗಿದರು. ಅಷ್ಟರೊಳಗೆ ಕರೆಂಟನ್ನು ಚೊಕ್ಕ ಮಾಡಿಯೇ ತೀರುತ್ತೇನೆಂದು ಮಾವ ಪಂಚೆ ಎತ್ತಿ ಕಟ್ಟಿದರು.

ಮೊದಲು ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳಿಗೆ ಹುಣಸೆಹಣ್ಣಿನ ಸ್ನಾನವಾಯಿತು. ಒದ್ದೆ ಆರುವ ಮುಂಚೆಯೇ ಅದನ್ನು ಚುಚ್ಚಿದರು. ಕರೆಂಟು ಮಾವನನ್ನು ಎತ್ತಿ ಬಾಗಿಲ ಬಳಿ ಕೂರಿಸಿತು.

"ನೋಡ್ದೇನ್ಲಾ, ತೊಳದ್ ಮ್ಯಾಲೆ ಎಷ್ಟ್ ಚುರುಕಾಗದೆ" ಎನ್ನುತ್ತಾ ಎದ್ದರು.

ಬಸ್ಸು ನಿಲ್ಲುವ ಕಡೆ ಮೋಟಾರು ರಿಪೇರಿ ಮಾಡುತ್ತಿದ್ದ ಸಾಹೇಬರು ಮಾವನ ಗೆಳೆಯರು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲು ಉಪ್ಪು ತುಂಬಿ, ರೇಡಿಯೊದಿಂದ ನೆಲಕ್ಕಿಳಿಸುವ ಅರ್ತ್ ತಂತಿಯನ್ನು ಅದರಲ್ಲಿ ಹೂತು ದಿನವೂ ನೀರು ಹೊಯ್ಯಿರಿ ಎಂದು ಅವರು ಬುದ್ಧಿ ಹೇಳಿದರು. ಮಾವ ಅಡುಗೆಮನೆಯ ಉಪ್ಪಿನ ಮಡಕೆಯನ್ನೇ ಅಲ್ಲಿ ಬೋರಲು ಹಾಕಿದರು. ಆ ವಾರವೆಲ್ಲ ನಾನು ಉಂಡ ಸಪ್ಪೆ ಸಾರಿನ ಆಣೆಗೂ ಹೇಳುತ್ತೇನೆ, ಸದ್ದು ಚೊಕ್ಕಟವಾಯಿತು! ವಾರ್ತೆಯ ಅಕ್ಷರ ಅಕ್ಷರವೂ ನನಗೆ ಕೇಳಿಸಿತು.

"ಗುಂಯ್ ಅಂತಾನೇ ಅದೆ" ಎಂದರು ಅತ್ತೆ.

"ಅದೆ, ಅದೆ" ಎಂದು ಮಾವ ತಲೆಯಾಡಿಸಿಬಿಟ್ಟರು.

ಕೊನೆಯ ಅಸ್ತ್ರವೆಂದರೆ ಬ್ಯಾಟರಿ. ಬ್ಯಾಟರಿಯಲ್ಲಿ ನಡೆಯುವ ರೇಡಿಯೊ ಒಂದನ್ನು ಸಾಹೇಬರೇ ಎರವಲು ಕೊಟ್ಟರು. ಜೊತೆಗೆ, "ಗೌಡ್ರೇ, ಬ್ಯಾಟರಿಗೂ ನಾನು ತುಂಬೋದು ಅದೇ ಕರೆಂಟು" ಎಂದು ಎಚ್ಚರಿಸಿದರು.

"ತುಂಬಿ ಸಾಹೇಬ್ರೇ. ಎಲ್ಡ್ ದಿನ ಅಲ್ಲಾಡಿಸ್ದೆ ಮಡಗಿದ್ರೆ ಮಡ್ಡಿ ತಳಕ್ಕೆ ಕೂತ್ಕತದೆ. ನಮ್ಗೆ ಬೇಕಾಗಿರಾದು ಮ್ಯಾಗಳ ತಿಳಿ."

ಸಾಹೇಬರು ಬಾಯಿಗೆ ಟವೆಲ್ಲು ಒತ್ತಿಕೊಂಡು ಮೋಟಾರಿನ ಕೆಳಗೆ ತೂರಿಕೊಂಡರು.

ಭಾನುವಾರ ಮಧ್ಯಾಹ್ನ, ತಳದ ಮಡ್ಡಿ ಕದಡದಂತೆ, ಮಾವ ಬ್ಯಾಟರಿಯನ್ನು ಎದೆಗವಚಿಕೊಂಡು ಇಷ್ಟಿಷ್ಟೇ ಹೆಜ್ಜೆಯಿಡುತ್ತಾ ಸಾಹೇಬರಲ್ಲಿಂದ ಮನೆಗೆ ಹೊರಟರು, ಹಿಂದೆ ನಾನು. ಕೆಮ್ಮು ಬಂದರೂ ನುಂಗಿಕೊಂಡರು. ಒಂದು ಫರ್ಲಾಂಗಿಗೆ ಒಂದು ಗಂಟೆ! ಎದುರು ಬಂದ ಗಾಡಿಯವನು ಎತ್ತುಗಳನ್ನು ಪಕ್ಕಕ್ಕೆ ಹೊಡೆದು, ತಲೆಯ ವಸ್ತ್ರ ತೆಗೆದು, "ಯಾರು ತೀರ್ಕಂಡ್ರು ಮೇಷ್ಟ್ರೇ?" ಎಂದು ಪಿಸುಮಾತಿನಲ್ಲಿ ನನ್ನನ್ನು ಕೇಳಿದ.

ಸಂಜೆ ಮಗಳು ಹಾಡಿದಳು. ಎಂಥ ಸದ್ದು ಅದು! ಸಾಲಿನ ನಡುವೆ ಅವಳು ಉಸಿರೆಳೆದದ್ದೂ ಕೇಳಿಸಿತು. ಅತ್ತೆ ಹೊಸ ಸೀರೆಯುಟ್ಟು ಪೆಟ್ಟಿಗೆಯ ಮುಂದೆಯೇ ಕೂತಿದ್ದರು. ಹಾಡು ಇನ್ನೇನು ಮುಗಿಯುತ್ತದೆ ಎನ್ನುವಾಗ ನಮ್ಮ ಕಡೆ ತಿರುಗಿ ಕೇಳಿದರು.

"ಇನ್ನೂ ಸುರುವಾಗ್ನಿಲ್ವಾ?"

ನಾನು ಬಾಯಿ ತೆರೆದೆ. ಮಾವ ನನ್ನ ಕಾಲು ತುಳಿದರು. "ಎಲ್ ಸುರುವಾದದು? ಬರೀ ಗುಂಯ್ ಅಂತದೆ. ದಾರೀಲಿ ಮಡ್ಡಿ ಕದಡೋಯ್ತು" ಎಂದು ಕೂಗಿ, ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದರು.

"ಮಾವ, ಅಷ್ಟು ಚೆನ್ನಾಗಿ ಕೇಳ್ತಿತ್ತಲ್ಲ?"

ಮಾವ ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಉಪ್ಪು ಉಯ್ದಾಗ್ಲೇ ಸರಿಯಾಗಿತ್ತು ಕಣ್ಲಾ. ಕೆಟ್ಟಿರಾದು ಅವಳ ಕಿವಿ. ಅದ್ನ ಅವಳ್ಗೆ ಎಂಗ್ಲಾ ಯೋಳ್ಲಿ? ಸದ್ದು ಇನ್ನೂ ವಸಿ ತಿಳಿಯಾದ್ರೆ ಅವಳ್ಗೂ ಕೇಳ್ಬೋದೇನೋ ಅಂತ ಆಸೆ ಬಿದ್ದೆ."

ಒಂದು ತಿಂಗಳಿಂದ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಒಳಗೆ ಹೋಗಿ, "ಕರೆಂಟು ಸರಿ ಇಲ್ಲ ಅತ್ತೆ. ನಂಗೂ ಏನೂ ಕೇಳಲಿಲ್ಲ" ಎಂದು ಕೂಗಿದೆ.

"ನಂಗೊಬ್ಳಿಗೇ ಏನೋ ಅನ್ಕಂಡು ಎದ್ರುಕೊಂಡಿದ್ದೆ ಕಣಪ್ಪ" ಎಂದು ಅತ್ತೆ ಉಸಿರು ಬಿಟ್ಟರು.

ಅಷ್ಟರಲ್ಲಿ ಮಾವ ಒಂದು ಕಾರ್ಡು ತಂದು ನನ್ನ ಮುಂದಿಟ್ಟು, ಅತ್ತೆಗೆ ಕೇಳದಂತೆ ಮೆಲ್ಲಗೆ ಹೇಳಿದರು. "ಬರಿ ಮಗೀಗೆ. ಇಲ್ಲಿ ಕರೆಂಟು ಸರಿ ಇಲ್ಲ, ಇನ್ ಸರಿ ಓಗಾಂಗೂ ಕಾಣಾಕಿಲ್ಲ. ಬೇಗ ಬಂದು ನಿಮ್ಮವ್ವನ ಕಿವಿತಾವ ಕುಂತ್ಕಂಡು ಹಾಡ್ಬುಡವ್ವ. ವಸಿ ಜೋರಾಗಿ."