ನಾಣಿಯ ಎಂಟನೆಯ ಕೇಕು

ನಾಣಿಯ ಕೇಕು ಉಬ್ಬಿತು. ಅವನ ಕಷ್ಟಕ್ಕೆಲ್ಲ ಅದೇ ಮೂಲ.

ಉಬ್ಬದೇ ಹೋಗಿದ್ದರೆ ಆ ಭಾನುವಾರವೂ ಹಿಂದಿನ ಭಾನುವಾರಗಳ ಹಾಗೇ ಕಳೆದುಹೋಗುತ್ತಿತ್ತು. ಹೆಂಡತಿ ಜಗದಾಂಬಾ ಒಂದು ನಿಟ್ಟುಸಿರು ಬಿಟ್ಟು ಅದನ್ನು ಕುಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಹಾಕುತ್ತಿದ್ದಳು, ಇಬ್ಬರೂ ಮಾತಾಡದೆ ತಿಂದು ಮುಗಿಸುತ್ತಿದ್ದರು, ಸೋಮವಾರ ನಾಣಿ ಆಫೀಸಿಗೆ ಹೋಗುತ್ತಿದ್ದ. ಹಿಂದಿನ ಏಳು ಕೇಕುಗಳ ಗತಿಯೂ ಇದೇ. ಏಳನೆಯದು ಮಾತ್ರ ಹಾಲಿಗೂ ಬಗ್ಗದೆ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿತ್ತಿಲ ಬಾಗಿಲಿಗೆ ಒತ್ತಾಗಿ ಎರಡು ದಿನ ಸೇವೆ ಸಲ್ಲಿಸಿತ್ತು.

ನಾಣಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ಕೂರುತ್ತಿದ್ದ ಅವನ ಕೈ ಮನೆಗೆ ಬಂದೊಡನೆ ತುರಿಸುತ್ತಿತ್ತು. ಮೊದಲು ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆದ. ಅದು ವಿಜಯನಗರದ ಮಾರ್ಕೆಟ್ಟಿನ ನಟ್ಟನಡುವೆ ತಳ ಬಿಟ್ಟುಕೊಂಡು, ಜಗದಾಂಬಾ ಈರುಳ್ಳಿಯ ಹಿಂದೆ ಓಡಬೇಕಾಯಿತು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಹಂಸ ಮಾಡಿದ. ನೋಡಿದವರೆಲ್ಲ ಆಮೆ ಚೆನ್ನಾಗಿದೆ ಎಂದರು. ಕೊನೆಗೆ ಒಂದು ವಸ್ತುಪ್ರದರ್ಶನದಲ್ಲಿ ಮುಚ್ಚಳಕ್ಕೆ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಕಣ್ಣಿಗೆ ಬಿತ್ತು. ಮಾರುವವಳು ಕೇಕು ಮಾಡಿ ತೋರಿಸಿ ಒಂದು ಚೂರು ಕೊಟ್ಟಳು. ಆ ಚೂರೇ ಅವನನ್ನು ಕೆಡಿಸಿತು.

ಅವನು ಮಾಡುತ್ತಿದ್ದದ್ದು ಮೊಟ್ಟೆ ಹಾಕದ ಕೇಕು. ಮೊಟ್ಟೆಯನ್ನು ಅವನು ಹುಟ್ಟಿದಾರಭ್ಯ ಕೈಯಲ್ಲಿ ಮುಟ್ಟಿದವನಲ್ಲ. ಅಂಗಡಿಯ ಮುಂದೆ ಅದನ್ನು ಜೋಡಿಸಿಟ್ಟಿದ್ದರೆ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದ. ಅದು ಸಾಲದೆಂದು ಮನೆಯ ಮಾಲೀಕರ ಷರತ್ತು ಬೇರೆ. ಆರ್‌ಪಿಸಿ ಲೇಔಟಿನ ಆ ವಠಾರದಲ್ಲಿ ಮುಂದಿನ ದೊಡ್ಡ ಮನೆ ಮಾಲೀಕ ಬಸವಲಿಂಗಪ್ಪನವರದು, ಹಿಂದೆ ಸಾಲಾಗಿ ಬಾಡಿಗೆಯ ಮೂರು ಮನೆ. ಬಸವಲಿಂಗಪ್ಪನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮನೆ ಕೊಡುವಾಗಲೇ ಬೆರಳೆತ್ತಿ ಹೇಳಿದ್ದರು, ಮಾಂಸ ಮೊಟ್ಟೆಯ ವಾಸನೆ ಬಂದ ದಿನ ಮನೆ ಖಾಲಿ ಎಂದು. ನಾಣಿ ಸಂತೋಷವಾಗಿ ಒಪ್ಪಿದ್ದ. ಹನ್ನೊಂದು ತಿಂಗಳು ಬೀದಿ ಬೀದಿ ಅಲೆದು ಹಿಡಿದ ಮನೆ ಅದು. ಈಗ ಜಗದಾಂಬಾಗೆ ಏಳು ತಿಂಗಳು. ಈ ಸ್ಥಿತಿಯಲ್ಲಿ ಮನೆ ಬಿಡುವ ಮಾತನ್ನು ಕನಸಿನಲ್ಲೂ ನೆನೆಯುವಂತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾಣಿ ಗಾಜಿನ ಕಿಂಡಿಯಲ್ಲಿ ಇಣುಕಿದಾಗ ಕೇಕು ಅವನ ಕಣ್ಣಿಗೇ ತಾಗುವಷ್ಟು ಮೇಲಕ್ಕೆ ಬಂದಿತ್ತು. ಜಗದಾಂಬಾಳನ್ನು ಕರೆದು ತೋರಿಸಿದ. ಕೊಯ್ದು ನೋಡಿದರೆ ಒಳಗೆಲ್ಲ ಹತ್ತಿ. ತಾವಿಬ್ಬರೇ ತಿಂದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಏಳು ಸೋಲು ಕಂಡವನಿಗೆ ಒಂದು ಗೆಲುವು ಸಿಕ್ಕರೆ ಸುಮ್ಮನಿರಲಾದೀತೆ? ಮೂರು ತಟ್ಟೆಯಲ್ಲಿ ತುಂಡುಗಳನ್ನು ಜೋಡಿಸಿಕೊಂಡು ತಾನೇ ಮನೆ ಮನೆಗೂ ಹಂಚಿ ಬಂದ.

ಪಕ್ಕದ ಮನೆಯ ಅಂಜನಮ್ಮ ತುಂಡನ್ನು ಬೆರಳಿನಿಂದ ಒತ್ತಿದರು. ತಗ್ಗಾದದ್ದು ಮತ್ತೆ ಮೇಲೆದ್ದಿತು. ಇನ್ನೊಮ್ಮೆ ಒತ್ತಿದರು, ಮತ್ತೆ ಎದ್ದಿತು. ನಾಣಿಯ ಹಿಂದಿನ ಕೇಕುಗಳನ್ನು ಬಲ್ಲ ಆಕೆಗೆ ಇದು ನ್ಯಾಯವಾದ ವ್ಯವಹಾರವೆನಿಸಲಿಲ್ಲ. ತಟ್ಟೆ ಹಿಡಿದುಕೊಂಡು ಕೊನೆಯ ಮನೆಯ ತಿಮ್ಮಯ್ಯನವರ ಬಳಿ ಹೋದರು. ತಿಮ್ಮಯ್ಯನವರು ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಸವೆಸಿದವರು, ಊಟ ತಿಂಡಿಯ ವಿಷಯದಲ್ಲಿ ವಠಾರಕ್ಕೆ ಅವರ ಮಾತೇ ಪ್ರಮಾಣ. ಅವರು ಕೇಕನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು.

"ಮೊಟ್ಟೆ ಇಲ್ದೆ ಕೇಕು ಹಿಂಗೆ ಏಳಲ್ಲ ಕಣಮ್ಮ."

ಮಾತು ದೊಡ್ಡ ಮನೆ ಮುಟ್ಟುವ ಹೊತ್ತಿಗೆ ಮಾಲೀಕರ ಹೆಂಡತಿ ಅಕ್ಕಯ್ಯಮ್ಮ ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಹಾಕಿದ್ದರು. ಕೇಳಿದ ಕೂಡಲೇ ಆಕೆ ತಲೆಗೆ ನೀರು ಸುರಿದುಕೊಳ್ಳಲು ಬಚ್ಚಲಿಗೆ ನಡೆದರು. ಬಸವಲಿಂಗಪ್ಪನವರು ಉಳಿದ ಕೇಕನ್ನು ಸಾಕ್ಷ್ಯವೆಂದು ಜಪ್ತಿ ಮಾಡಿ ತಮ್ಮ ಕೋಣೆಯಲ್ಲಿಟ್ಟು, ನಾಣಿಯನ್ನು ಕರೆಸಿದರು.

ನಾಣಿ ಕೈ ಮುಗಿದು, ಕಣ್ಣಿಗೆ ಒತ್ತಿಕೊಂಡು, ತನ್ನ ತಂದೆ ತಾತಂದಿರ ಹೆಸರು ಹೇಳಿ ಆಣೆ ಮಾಡಿದ. ಅಂಜನಮ್ಮನವರು ಹಳದಿ ಬಣ್ಣ ಎಲ್ಲಿಂದ ಬಂತೆಂದು ಕೇಳಿದರು. ಕೇಸರಿ ಬಣ್ಣದ ಪುಡಿ ಎಂದ. ಹಾಗಾದರೆ ಬಣ್ಣ ಹಾಕಿ ಏನನ್ನು ಮರೆಸಬೇಕಾಗಿತ್ತು ಎಂದು ತಿಮ್ಮಯ್ಯನವರು ಕೇಳಿದರು. ಬೆಳಿಗ್ಗೆಯಿಂದ ಹಿಗ್ಗಿ ಹೀರೇಕಾಯಿಯಾಗಿದ್ದ ಮನುಷ್ಯ ಹತ್ತು ನಿಮಿಷದಲ್ಲಿ ಬಾಡಿದ ಬದನೆಕಾಯಿಯಾದ. ಹವ್ಯಾಸದ ಹುಚ್ಚು ಹಿಡಿದರೆ ಎಂಥ ಮಡಿವಂತನೂ ಕೆಡುತ್ತಾನೆ ಎಂದು ತಿಮ್ಮಯ್ಯನವರು ಮಿಲ್ಲಿನ ಕಾಲದ ಎರಡು ನಿದರ್ಶನ ಕೊಟ್ಟರು. ಬಸವಲಿಂಗಪ್ಪನವರು ಕ್ಯಾಲೆಂಡರಿನ ಕಡೆ ನೋಡಿದರು. ಬರುವ ಒಂದನೇ ತಾರೀಖಿಗೆ ಹದಿಮೂರು ದಿನ ಇತ್ತು.

ಬಾಗಿಲಲ್ಲಿ ನಿಂತಿದ್ದ ಜಗದಾಂಬಾ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಾಣಿಯ ಕಣ್ಣಿಗೆ ಬಿತ್ತು. ಆ ಸಂಕಟದಲ್ಲೇ ಅವನ ಬಾಯಿಂದ ಮಾತು ಹೊರಬಿತ್ತು.

"ಸಾರ್, ನಿಮ್ಮೆಲ್ಲರ ಕಣ್ಮುಂದೆ ಇನ್ನೊಂದು ಸಲ ಮಾಡ್ತೀನಿ. ಅದೂ ಹಿಂಗೇ ಉಬ್ಬಿದ್ರೆ ನಂಬ್ತೀರಾ?"

ಶಿರಸ್ತೇದಾರರಿಗೆ ಮಹಜರು ಎಂದರೆ ಹಬ್ಬ. ಕೂಡಲೇ ಒಪ್ಪಿ ಮೂರು ಗಂಟೆಗೆ ಗೊತ್ತುಮಾಡಿದರು.

ಮಾತು ಕೊಟ್ಟು ಮನೆಗೆ ಬಂದ ಮೇಲೆ ನಾಣಿಗೆ ಬೆವರು ಬಿಟ್ಟಿತು. ಬೆಳಿಗ್ಗೆಯ ಕೇಕು ಯಾಕೆ ಉಬ್ಬಿತೆಂಬುದು ಅವನಿಗೇ ಗೊತ್ತಿರಲಿಲ್ಲ. ಅದೇ ಲೋಟ, ಅದೇ ಮೈದಾ, ಅದೇ ಸೋಡಾ. ಏಳು ಸಲ ಮಲಗಿದ್ದು ಎಂಟನೆಯ ಸಲ ತಾನಾಗಿ ಎದ್ದಿತ್ತು, ಅಷ್ಟೇ.

ಮೊಟ್ಟೆಯ ಬದಲಿಗೆ ಹಾಕುವ ಗಟ್ಟಿ ಹಾಲಿನ ಡಬ್ಬಿ ಮುಗಿದಿತ್ತು. ತರಲು ಹೊರಟವನ ಸೈಕಲ್ಲನ್ನು ತಿಮ್ಮಯ್ಯನವರು ಗೇಟಿನಲ್ಲೇ ತಡೆದರು. ದಾರಿಯಲ್ಲಿ ಮೊಟ್ಟೆ ಕೊಂಡರೆ ಯಾರು ಹೊಣೆ? ತಾವೂ ಬರುವುದಾಗಿ ಹಿಂದಿನ ಕ್ಯಾರಿಯರಿನ ಮೇಲೆ ಕೂತರು. ಅವರದು ಕ್ಯಾಂಟೀನಿನಲ್ಲಿ ಬೆಳೆದ ಮೈ. ನಾಣಿ ಅವರನ್ನು ಹೊತ್ತು ವಿಜಯನಗರದ ಏರು ಹತ್ತಿ, ಭಾನುವಾರ ಮುಚ್ಚಿದ್ದ ಮೂರು ಅಂಗಡಿ ನೋಡಿ, ನಾಲ್ಕನೆಯದರಲ್ಲಿ ಡಬ್ಬಿ ಕೊಂಡು ವಾಪಸು ಬರುವಷ್ಟರಲ್ಲಿ ಅವನ ತೋಳು ನಡುಗುತ್ತಿತ್ತು.

ಸಂದೇಹಕ್ಕೊಳಗಾದ ಓವನ್ನು ದೊಡ್ಡ ಮನೆಯೊಳಗೆ ಬರಕೂಡದೆಂದು ಅಕ್ಕಯ್ಯಮ್ಮ ತಾಕೀತು ಮಾಡಿದ್ದರಿಂದ ಅದನ್ನು ಜಗಲಿಯ ಮೇಲಿಟ್ಟು ಕಿಟಕಿಯಿಂದ ವೈರು ಎಳೆದರು. ಅಂಜನಮ್ಮ ಮೈದಾದ ಚೀಲದೊಳಗೆ ಮೊಣಕೈವರೆಗೆ ಕೈ ಬಿಟ್ಟು ತಡಕಿದರು. ತಿಮ್ಮಯ್ಯನವರು ನಾಣಿಯ ತೋಳು ಮಡಿಸಿಸಿ ಜೇಬು ಮುಟ್ಟಿ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾಣಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ಡಬ್ಬಿ ತೆಗೆಯುವ ಮೊದಲು ತನ್ನ ಚೀಲದಲ್ಲಿ ನಿಜವಾಗಿಯೂ ಮೊಟ್ಟೆ ಇದೆಯೇನೋ ಎಂದು ತಾನೇ ಹೆದರಿ ಬಗ್ಗಿ ನೋಡಿದ. ಎಲ್ಲರೂ ಅದನ್ನು ಗಮನಿಸಿದರು.

ಬೆಣ್ಣೆ ಕಲೆಸಲು ಕೂತ. ಬಲಕ್ಕೆ ತಿರುವಬೇಕೆಂದು ಅಂಜನಮ್ಮ, ಎಡಕ್ಕೆಂದು ತಿಮ್ಮಯ್ಯ. ನಾಣಿ ಇಬ್ಬರನ್ನೂ ನೋಯಿಸಬಾರದೆಂದು ಸ್ವಲ್ಪ ಬಲಕ್ಕೆ ಸ್ವಲ್ಪ ಎಡಕ್ಕೆ ತಿರುವಿದ. ಓವನ್ ಹಚ್ಚಿದ ಹತ್ತು ನಿಮಿಷಕ್ಕೆ ವೋಲ್ಟೇಜು ಇಳಿದು ಜಗಲಿಯ ಬಲ್ಬು ಕೆಂಪಗಾಯಿತು. ಗಾಜಿಗೆ ಹಬೆ ಕಟ್ಟಿ ಏನೂ ಕಾಣದಾಯಿತು. ಕಾಣದಿದ್ದರೆ ಮಹಜರು ಹೇಗಾದೀತೆಂದು ತಿಮ್ಮಯ್ಯನವರು ಮುಚ್ಚಳ ಎತ್ತಿದರು. ಅಂಜನಮ್ಮನವರಿಗೆ ಸರಿಯಾಗಿ ಕಾಣಲಿಲ್ಲವೆಂದು ಇನ್ನೊಮ್ಮೆ ಎತ್ತಿದರು. ಮಡಿಯಲ್ಲಿ ದೂರ ನಿಂತಿದ್ದ ಅಕ್ಕಯ್ಯಮ್ಮನವರಿಗಾಗಿ ಮೂರನೆಯ ಸಲ ಎತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದರು. ಎತ್ತಬೇಡಿ ಎಂದು ನಾಣಿ ಬೇಡಿಕೊಂಡ. ಬೇಡಿಕೊಂಡಷ್ಟೂ ಒಳಗೇನೋ ಇದೆ ಎಂಬ ಅನುಮಾನ ಬಲವಾಯಿತು. ಇಪ್ಪತ್ತೈದನೆಯ ನಿಮಿಷಕ್ಕೆ ಕರೆಂಟು ಹೋಗಿ ಮುಕ್ಕಾಲು ಗಂಟೆಯ ಮೇಲೆ ಬಂತು.

ಕೊನೆಗೆ ಹೊರಬಂದದ್ದು ತೆಂಗಿನಕಾಯಿ ತುರಿಯುವ ಮಣೆಯಷ್ಟು ದಪ್ಪವಿತ್ತು, ಹೆಚ್ಚು ಕಡಿಮೆ ಅಷ್ಟೇ ಗಟ್ಟಿಯೂ ಇತ್ತು. ಅಂಜನಮ್ಮ ಬೆರಳಿನಿಂದ ಒತ್ತಿದರು. ಅದು ತಗ್ಗಲೇ ಇಲ್ಲ, ಇನ್ನು ಮೇಲೇಳುವ ಮಾತೆಲ್ಲಿ? ಬಸವಲಿಂಗಪ್ಪನವರು ಬೆರಳ ಗಂಟಿನಿಂದ ಬಡಿದು ಸದ್ದು ಕೇಳಿದರು.

"ಸಾಮಾನು ಅದೇ, ಕೈ ಅದೇ, ಓವನ್ನೂ ಅದೇ. ಬೆಳಿಗ್ಗೆ ಎದ್ದದ್ದು ಈಗ ಯಾಕೆ ಏಳಲಿಲ್ಲ, ನೀವೇ ಹೇಳಿ."

ಬೆಳಿಗ್ಗೆ ಇದ್ದು ಈಗ ಇಲ್ಲದ ವಸ್ತು ಯಾವುದೆಂದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದನೇ ತಾರೀಖಿನ ಮಾತು ಖಾಯಂ ಆಯಿತು. ಅಂಜನಮ್ಮನವರು ಹೋಗುವಾಗ ಪಾಪ ಎಂದರು, ಮನಸಾರೆ ಅಂದರು.

ಸಂಜೆ ವಠಾರವೆಲ್ಲ ದೊಡ್ಡ ಮನೆಯ ಟಿವಿಯಲ್ಲಿ ಭಾನುವಾರದ ಸಿನಿಮಾ ನೋಡಲು ಸೇರಿತ್ತು. ಜಗದಾಂಬಾ ಅಟ್ಟದ ಮೇಲಿನ ತಾಮ್ರದ ಕೊಳಗ ಇಳಿಸಿಕೊಡಿ ಎಂದು ಕೇಳಿ, ಅದಕ್ಕೆ ಹಳೇ ಸೀರೆ ಸುತ್ತಲು ಕೂತಳು. ಬಗ್ಗಲು ಆಗದೆ ಆಗಾಗ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ ಕೇಳಿದಳು:

"ಬೇಜಾರು ಮಾಡ್ಕೋಬೇಡಿ. ನನಗಾದ್ರೂ ನಿಜ ಹೇಳಿ. ಹಾಕಿದ್ರಾ?"

ನಾಣಿ ಅವಳ ಮೇಲೆ ಆಣೆಯಿಟ್ಟು ಇಲ್ಲ ಎಂದ. ಮಕ್ಕಳು ಸುಳ್ಳು ಹೇಳಿದಾಗ ಹೇಳುವ ಹಾಗೆ ಅವಳು ಸರಿ ಬಿಡಿ ಎಂದಳು. ಮನೆ ಹೋದದ್ದಕ್ಕಿಂತ ಆ ಎರಡು ಮಾತಿನಿಂದ ಅವನಿಗೆ ಹೆಚ್ಚು ನೋವಾಯಿತು. ಅಳು ಬಂತು. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತ. ಜೀವಮಾನದಲ್ಲಿ ಒಂದೇ ಒಂದು ಕೆಲಸ ಸರಿಯಾಗಿ ಮಾಡಿದ್ದ, ಅದಕ್ಕೆ ಇಂಥ ಶಿಕ್ಷೆ.

ಹಿಂದೆ ಯಾರೋ ಕೆಮ್ಮಿದರು. ನೋಡಿದರೆ ಬಸವಲಿಂಗಪ್ಪನವರು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನಾಣಿ ದಡಬಡಿಸಿ ಎದ್ದ. ಅವರು ಎರಡು ಕಡೆಯೂ ನೋಡಿ ದನಿ ತಗ್ಗಿಸಿದರು. ಸರ್ವೀಸಿನಲ್ಲಿದ್ದಾಗ ತಾವು ಕ್ಯಾಂಪು ಹೋದಲ್ಲೆಲ್ಲ ಪ್ರವಾಸಿ ಮಂದಿರದ ಅಡಿಗೆಯವರು ಚಹಾದ ಜೊತೆಗೆ ಮೊಟ್ಟೆ ಹಾಕಿದ ಕೇಕು ಕೊಡುತ್ತಿದ್ದರಂತೆ. ಇಪ್ಪತ್ತೆರಡು ವರ್ಷದ ರೂಢಿ. ರಿಟೈರಾದ ದಿನದಿಂದ ಒಂದು ತುಂಡಿಲ್ಲ, ಮನೆಯಲ್ಲಿ ಹೆಸರೆತ್ತುವ ಹಾಗೂ ಇಲ್ಲ. ಇವತ್ತಿನ ಸಾಕ್ಷ್ಯವನ್ನು ಮಧ್ಯಾಹ್ನವೇ ಒಬ್ಬರೇ ಕೂತು ಮುಗಿಸಿದರಂತೆ.

"ಮೊದಲನೇ ತುತ್ತಿಗೇ ಗೊತ್ತಾಯ್ತು ನಾಣಿ. ನೀವು ಹಾಕಿದ್ದು ಒಂದಲ್ಲ, ಕಡಿಮೆ ಅಂದ್ರೆ ಮೂರು."

"ದೇವರಾಣೆ ಸಾರ್, ನಾನು ಹಾಕಿಲ್ಲ."

"ಹಂಗೇ ಹೇಳ್ತಾ ಇರಿ. ಯಾರು ಕೇಳಿದ್ರೂ ಹಂಗೇ ಹೇಳಿ."

"ನಿಜವಾಗ್ಲೂ ಹಾಕಿಲ್ಲ."

"ಭೇಷ್," ಎಂದು ಅವರು ನಾಣಿಯ ಬೆನ್ನು ತಟ್ಟಿದರು. "ಈ ಗಟ್ಟಿತನ ಇದ್ರೆ ಸಾಕು, ನಮ್ಮ ಗುಟ್ಟು ಎಲ್ಲೂ ಹೋಗಲ್ಲ."

ಆಮೇಲೆ ಷರತ್ತುಗಳನ್ನು ವಿಧಿಸಿದರು. ಪ್ರತಿ ಭಾನುವಾರ ಒಂದು ಕೇಕು, ಸಿನಿಮಾ ಶುರುವಾದ ಮೇಲೆ, ಇದೇ ಕಲ್ಲಿನ ಹತ್ತಿರ. ಈ ವಿಷಯ ಅಕ್ಕಯ್ಯಮ್ಮನಿಗಿರಲಿ, ಜಗದಾಂಬಾಗೂ ತಿಳಿಯಕೂಡದು. ವಠಾರದವರಿಗೆ ಏನಾದರೊಂದು ಸಮಾಧಾನ ತಾವೇ ಹೇಳುತ್ತಾರಂತೆ, ಮನೆ ಬಿಡುವುದು ಬೇಕಿಲ್ಲ. ನಾಣಿ ಕೈ ಮುಗಿಯಲು ಹೋದ. ಅವರು ತಡೆದರು.

"ಒಂದು ಮಾತು. ಬೆಳಿಗ್ಗೆದರ ಹಾಗೇ ಇರಬೇಕು. ಮಧ್ಯಾಹ್ನದ್ದರ ಹಾಗೆ ಬಂದ್ರೆ ಒಂದನೇ ತಾರೀಖು ಇದ್ದೇ ಇದೆ."

ಅವರು ಬಂದ ಹಾಗೇ ಬರಿಗಾಲಲ್ಲಿ ಹೋದರು. ನಾಣಿ ಅಲ್ಲೇ ನಿಂತು ಲೆಕ್ಕ ಹಾಕಿದ. ಮೊಟ್ಟೆಯಿಲ್ಲದೆ ಒಂಬತ್ತು ಸಲ ಮಾಡಿದ್ದರಲ್ಲಿ ಉಬ್ಬಿದ್ದು ಒಂದೇ ಸಲ. ಮೊಟ್ಟೆ ಹಾಕಿದರೆ ಏಳುವುದು ಖಂಡಿತ, ತಿಮ್ಮಯ್ಯನವರ ಇಪ್ಪತ್ತು ವರ್ಷದ ಅನುಭವವೇ ಅದಕ್ಕೆ ಸಾಕ್ಷಿ. ಹಾಕಿದರೆ ಜಾತಿ ಹೋಯಿತು, ಹಾಕದಿದ್ದರೆ ಮನೆ ಹೋಯಿತು. ಅತ್ತ ದರಿ, ಇತ್ತ ಪುಲಿ. ನಡುವೆ ಏಳು ತಿಂಗಳ ಬಸುರಿ ಹೆಂಡತಿ.

ಒಳಗೆ ಬಂದು, ಮಾಲೀಕರು ಮನಸ್ಸು ಬದಲಾಯಿಸಿದ್ದಾರೆ, ಮನೆ ಬಿಡುವುದು ಬೇಡವಂತೆ ಎಂದಷ್ಟೇ ಹೇಳಿದ. ಜಗದಾಂಬಾ ದೇವರ ಕಡೆ ತಿರುಗಿ ಕೈ ಮುಗಿದು, ಬೆಳಗಿನಿಂದ ಮೊದಲ ಸಲ ನಕ್ಕಳು. ಕೊಳಗಕ್ಕೆ ಸುತ್ತಿದ್ದ ಸೀರೆ ಬಿಚ್ಚತೊಡಗಿದಳು. ನಾಣಿ ಬಗ್ಗಿ ಸೀರೆಯ ಇನ್ನೊಂದು ತುದಿ ಹಿಡಿದ. ಹಿಡಿದುಕೊಂಡೇ, ಏನೂ ಅಲ್ಲದ ಮಾತಿನ ಹಾಗೆ ಕೇಳಿದ:

"ಜಗದಾ, ಈ ಮೊಟ್ಟೆ ಎಲ್ಲಿ ಸಿಗತ್ತೆ?"

ಅವಳ ಕೈ ನಿಂತಿತು. ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು.

"ಯಾಕೆ," ಎಂದಳು, "ಬೆಳಿಗ್ಗೆ ತಂದಿದ್ದ ಅಂಗಡಿ ಮುಚ್ಚಿದ್ಯಾ?"