ಹಿಂದಕ್ಕೆ ಬಂದ ಗೊಬ್ಬರ

ದೊಡ್ಡಬೆಳವಂಗಲದ ಸುತ್ತಿನ ಊರುಗಳಲ್ಲಿ ಈ ಕತೆಯನ್ನು ನಾಲ್ಕಾರು ಬಗೆಯಾಗಿ ಹೇಳುವರು. ಹೆಣ್ಣಿನ ಊರು ಒಬ್ಬರ ಬಾಯಲ್ಲಿ ನೆಲಮಂಗಲದ ಕಡೆಯದಾದರೆ, ಇನ್ನೊಬ್ಬರ ಬಾಯಲ್ಲಿ ಹೊಸಕೋಟೆಯ ಕಡೆಯದು. ಸೊಣ್ಣಪ್ಪನ ಪೆದ್ದುತನದ ವಿಷಯದಲ್ಲಿ ಮಾತ್ರ ಪಾಠಾಂತರವಿಲ್ಲ.

ಸೊಸೈಟಿಗೆ ಸೀಮೆಗೊಬ್ಬರ ಆಗತಾನೇ ಬರತೊಡಗಿದ್ದ ಕಾಲ. ಆದರೂ ಹೆಣ್ಣು ಕೊಡುವವರು ಗಂಡಿನ ಮುಖಕ್ಕಿಂತ ಮೊದಲು ಅವನ ಮನೆಯ ತಿಪ್ಪೆಯನ್ನು ನೋಡುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ಕೊಟ್ಟಿಗೆಯಲ್ಲಿ ದನವುಂಟು, ಹೊಲದಲ್ಲಿ ರಾಗಿಯುಂಟು ಎಂಬ ಲೆಕ್ಕ. ಮೂವತ್ತು ದಾಟಿದ್ದ ಸೊಣ್ಣಪ್ಪನಿಗೆ ಆಷಾಢ ಹುಟ್ಟುವ ಮುನ್ನ ಹೇಗಾದರೂ ಒಂದು ಸಂಬಂಧ ಕುದುರಬೇಕಿತ್ತು. ಹೆಣ್ಣಿನ ತಂದೆ ದೊಡ್ಡಮುನಿಯಪ್ಪ ಅಂದು ಮಧ್ಯಾಹ್ನ ಮನೆ ನೋಡಲು ಬರುವವನಿದ್ದ.

ಬೆಳಗ್ಗೆಯೇ ನೆರೆಮನೆಯ ಪಾಪಕ್ಕ ಹಿತ್ತಿಲಿಗೆ ಬಂದು ತಿಪ್ಪೆಗುಂಡಿಯೊಳಕ್ಕೆ ಇಣುಕಿದಳು. ಗುಂಡಿ ಗುಡಿಸಿದ ಅಂಗಳದಂತೆ ಬೋಳಾಗಿತ್ತು.

“ಏನ್ಲಾ ಸೊಣ್ಣ, ಎಲ್ಲೋಯ್ತು ತಿಪ್ಪೆ?”

“ಹೊಲಕ್ಕೆ ಹೊಡ್ದಿವ್ನಿ ಅಕ್ಕ. ಗುಡ್ಡೆ ಹಾಕಿವ್ನಿ. ನಾಳೆ ಹರಡಿ ಉತ್ಬಿಟ್ರೆ ಆಯ್ತು.”

“ಹೊಲಾನ ಎತ್ಕೊಂಡ್ ಬಂದು ಬೀಗರಿಗೆ ತೋರಿಸ್ತೀಯಾ? ಬರೀ ಗುಂಡಿ ನೋಡಿ ಯಾವನ್ಲಾ ಹೆಣ್ಣು ಕೊಡ್ತಾನೆ? ಒಂದು ಕರೂಗೂ ಗತಿಯಿಲ್ದ ಮನೆ ಅಂತಾನೆ.”

ತಾಯಿ ಕದಿರಮ್ಮ ಸೆರಗನ್ನು ಬಾಯಿಗಿಟ್ಟಳು. “ವಾಪಸ್ ತಂದ್ಬಿಡಪ್ಪ. ಅವ್ರು ಹೋದ್ಮೇಲೆ ತಿರ್ಗ ಹೊಡಿಯೋವಂತೆ.”

ಪರರ ಬುದ್ಧಿವಾದಕ್ಕೆ ಕತ್ತು ಕೊಡುವುದರಲ್ಲಿ ಸೊಣ್ಣಪ್ಪ ತನ್ನ ಎತ್ತುಗಳಿಗಿಂತಲೂ ಸಾಧು. ಗಾಡಿ ಕಟ್ಟಿದ. ಹಿಂದಿನ ದಿನವಷ್ಟೇ ಮೃಗಶಿರೆ ಮಳೆ ಸುರಿದಿದ್ದರಿಂದ ಗೊಬ್ಬರ ನೆಂದು ಕಲ್ಲಿನಂತೆ ಭಾರವಾಗಿತ್ತು. ಅದನ್ನು ಮಂಕರಿಗೆ ತುಂಬಿ ತುಂಬಿ ಗಾಡಿಗೆ ಸುರಿದ. ನೇಗಿಲು ಹೊತ್ತು ಎದುರಿಗೆ ಬಂದ ಗಂಗಣ್ಣ ದಾರಿಯಲ್ಲೇ ನಿಂತ.

“ಲೇ, ಗಾಡಿ ಮೂತಿ ಅತ್ಲಾಗಿರ್ಬೇಕು ಕಣೋ.”

“ಗೊತ್ತು ಹೋಗೋ.”

“ಏನು, ಗೊಬ್ಬರಕ್ಕೆ ತವರು ನೆನಪಾಯ್ತಾ?”

ಎರಡನೆಯ ಸಲ ಬರುವಾಗ ಚಕ್ರ ಕೆಸರಿನಲ್ಲಿ ಹೂತಿತು. ಉಳುವುದಕ್ಕೆ ಹೊರಟಿದ್ದವರೆಲ್ಲ ನೇಗಿಲು ಕೆಳಗಿಟ್ಟು ಸಲಹೆ ಕೊಡಲು ಸೇರಿದರು. ಕೈ ಕೊಟ್ಟವರು ಒಬ್ಬರೂ ಇಲ್ಲ. ಸೊಣ್ಣಪ್ಪನೇ ಗೊಬ್ಬರವನ್ನೆಲ್ಲ ದಾರಿಗೆ ಇಳಿಸಿ, ಗಾಡಿಯನ್ನು ಮೇಲೆತ್ತಿ, ಮತ್ತೆ ತುಂಬಿದ. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲಿನಲ್ಲಿ ಇನ್ನೊಂದು ಮಾಕಳಿದುರ್ಗದ ಬೆಟ್ಟ ಎದ್ದಿತ್ತು. ಅದನ್ನು ಕಟ್ಟಿದವನು ಮಾತ್ರ ಅಗೆದು ಬಿಸಾಡಿದ ಗೆಣಸಿನಂತೆ ಕಾಣುತ್ತಿದ್ದ. ಪಾಪಕ್ಕ ತಿಪ್ಪೆಯ ನೆತ್ತಿಗೆ ಒಂದಿಷ್ಟು ಹಸಿ ಸಗಣಿ ಬಳಿದು, “ಈಗ ಲಕ್ಷಣವಾಯ್ತು” ಎಂದಳು.

ದೊಡ್ಡಮುನಿಯಪ್ಪ ಬಂದವನು ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ನೇರವಾಗಿ ಹಿತ್ತಿಲಿಗೆ ನಡೆದ. ತಿಪ್ಪೆಗೆ ಒಂದು ಸುತ್ತು ಬಂದು, ಚಿಟಿಕೆ ಗೊಬ್ಬರವನ್ನು ಬೆರಳಲ್ಲಿ ಹೊಸಕಿ ನೋಡಿದ.

“ಗೊಬ್ಬರ ಚೆನ್ನಾಗಿ ಕಳಿತೈತೆ.”

ಕದಿರಮ್ಮನ ಮುಖ ಅರಳಿತು.

“ಬಸ್ಸಿಳಿದು ಬರೋವಾಗ ಒಂದು ಹೊಲ ನೋಡ್ದೆ” ಎಂದು ಅವನು ನಿಧಾನವಾಗಿ ಮುಂದುವರಿಸಿದ. “ಗುಡ್ಡೆಯಿದ್ದ ಜಾಗ ಎಲ್ಲಾ ಕರ್ರಗೈತೆ, ಗುಡ್ಡೆ ಒಂದೂ ಇಲ್ಲ. ಬಿತ್ನೆ ಮುಂದೆ ಯಾವನೋ ಬಡಪಾಯೀದು ಗೊಬ್ಬರ ಯಾರೋ ಕದ್ದವ್ರೆ ಅಂತ ಗಾಡಿ ಜಾಡು ಹಿಡ್ಕೊಂಡು ಬಂದೆ. ಜಾಡು ಸೀದಾ ಇಲ್ಲಿಗೇ ಬಂತು.”

ಪಾಪಕ್ಕನಿಗೆ ಒಲೆಯ ಮೇಲಿಟ್ಟ ಹಾಲು ಆಗಲೇ ನೆನಪಾಗಿ, ಅವಳು ಬೇಲಿ ದಾಟಿದ್ದಳು.

ಸೊಣ್ಣಪ್ಪ ಕೈಮುಗಿದ. “ಆಣೆಗೂ ಕದ್ದಿಲ್ಲ ಮಾವ. ಅದು ನಮ್ದೇ ಹೊಲ, ಇದು ನಮ್ದೇ ಗೊಬ್ಬರ. ತಿಪ್ಪೆ ದೊಡ್ದಾಗಿ ಕಾಣ್ಲಿ ಅಂತ ನಾನೇ ಹೊಲದಿಂದ ವಾಪಸ್ ಹೊಡ್ಕೊಂಡ್ ಬಂದೆ. ಬೇಕಾದ್ರೆ ಗಂಗಣ್ಣನ್ನ ಕೇಳಿ.”

“ಮಿರ್ಗಸಿರೆ ಮಳೆ ಬಿದ್ಮೇಲೆ?”

“ಹೂಂ, ಇವತ್ತೇ.”

ದೊಡ್ಡಮುನಿಯಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕದಿರಮ್ಮನ ಕಡೆಗೆ ತಿರುಗಿದ.

“ಕಳ್ಳ ಅಂದ್ಕೊಂಡಿದ್ದಾಗ ನಂಗೆ ಅರ್ಧ ಮನಸ್ಸಿತ್ತು ಕಣಮ್ಮ. ಹೆಂಗೋ ಮನೆಗೆ ತಂದಾಕೋ ಗಂಡು ಅಂತ.”