ಸೀಬ್‌ನ ಅಜ್ಜಿಯ ಕೋಣೆ ತಂಪಾದದ್ದು

ಗೋಡೆಗೆ ಶಾಖ ತಡೆಯುವ ಹಾಸು ಹೊದಿಸುವ ಕೆಲಸದಲ್ಲಿ ನಗುವಂಥದ್ದು ಏನಿದೆ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಗೋಡೆ ಸುಮ್ಮನಿರುತ್ತದೆ ಮಾರಾಯ್ರೇ, ಗೋಡೆಯ ಒಳಗಿರುವವರು ಸುಮ್ಮನಿರಬೇಕಲ್ಲ!

ಎಂಬತ್ತರ ದಶಕದ ಕೊನೆ. ನಾನು ಮಸ್ಕತ್ತಿನ ಒಂದು ಸಣ್ಣ ಕಂಪನಿಯಲ್ಲಿ ಸೂಪರ್‌ವೈಸರ್. ಅಲ್ಲೇ ಹತ್ತಿರದ ಸೀಬ್‌ನ ಸೂಕ್, ಅಂದರೆ ಪೇಟೆಬೀದಿಯ ಹಿಂದಿನ ಒಂದು ಹಳೇ ಮನೆಯ ಕೆಲಸ ಬಂತು. ಮಾಲೀಕರ ತಾಯಿಗೆ ಎಂಬತ್ತು ದಾಟಿತ್ತು. ಮಂಡಿನೋವು, ಮಹಡಿ ಹತ್ತಲಾರರು. ಅವರಿದ್ದ ಕೆಳಗಿನ ಕೋಣೆಯೋ, ಏಸಿ ಹಾಕಿದರೂ ಮಧ್ಯಾಹ್ನಕ್ಕೆ ಕಾದ ಕಾವಲಿ. ಹಿಂದಿನ ಬೇಸಿಗೆಯಲ್ಲಿ ಒಮ್ಮೆ ತಲೆಸುತ್ತಿ ಬಿದ್ದಿದ್ದರಂತೆ. "ಈ ಸಲ ಸೆಖೆ ಶುರುವಾಗುವ ಮೊದಲು ಕೆಳಗಿನದ್ದಷ್ಟು ಮುಗಿಸಿಕೊಡು" ಎಂದು ಮಾಲೀಕರು ನನ್ನ ಕೈ ಹಿಡಿದುಕೊಂಡೇ ಹೇಳಿದರು. ಹಿಂದೆ ಮುಂಬಯಿಯಲ್ಲಿ ವ್ಯಾಪಾರ ಮಾಡಿದವರು. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

೧. ಉಣ್ಣೆ

ಮೊದಲ ದಿನ ಗ್ಲಾಸ್‌ವೂಲ್ ಸುರುಳಿಗಳನ್ನು ಇಳಿಸಿದೆವು. ಹಳದಿ ಬಣ್ಣದ, ಮೆತ್ತನೆಯ ಗಾಜಿನ ನಾರು. ಅಜ್ಜಿ ಬಾಗಿಲಲ್ಲೇ ತಡೆದರು. "ಇದು ಉಣ್ಣೆ! ಸೆಖೆಗೆ ಯಾರಾದರೂ ಉಣ್ಣೆ ಹೊದಿಸ್ತಾರಾ?"

ನಾನು ಬುದ್ಧಿವಂತಿಕೆ ತೋರಿಸಿದೆ. ಅವರ ಪಕ್ಕದಲ್ಲಿದ್ದ ಕಾವಾ ಕಾಫಿಯ ಫ್ಲಾಸ್ಕ್ ತೋರಿಸಿ, "ನಿಮ್ಮ ಕೋಣೆಯೂ ಇದರ ಹಾಗೇ ಆಗ್ತದೆ" ಎಂದೆ. ಮಗ ಅರಬ್ಬಿಯಲ್ಲಿ ತಿಳಿಸಿದರು. ಅಜ್ಜಿ ನಿಧಾನವಾಗಿ ಮುಚ್ಚಳ ತಿರುಗಿಸಿ ಬಟ್ಟಲಿಗೆ ಬಗ್ಗಿಸಿದರು. ಹಬೆ ಎದ್ದಿತು.

"ಬೆಳಿಗ್ಗೆ ತುಂಬಿಸಿದ್ದು ಇನ್ನೂ ಹೀಗೆ ಸುಡ್ತಿದೆ. ನನ್ನನ್ನೂ ಇದರೊಳಗೆ ಹಾಕ್ತಾನಂತಾ ಇವನು?"

೨. ಮೆತ್ತನೆಯ ಆಸನ

ನಮ್ಮ ಮ್ಯಾನೇಜರ್ ಮೈಸೂರಿನವರು. ಫೈಲ್ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಇಸ್ತ್ರಿ ಮಾಡಿದ ತೆಳು ಪ್ಯಾಂಟಿನಲ್ಲಿ ಕೆಲಸ ನೋಡಲು ಬಂದವರು, ಬಿಚ್ಚಿಟ್ಟ ಸುರುಳಿಯ ಮೇಲೆ ಕುಳಿತೇಬಿಟ್ಟರು.

"ಸರ್, ಅದರ ಮೇಲೆ ಬೇಡ, ಚುಚ್ತದೆ" ಎಂದೆ.

"ಏನ್ರೀ ನೀವು, ನಮ್ಮನೆ ಸೋಫಾಗಿಂತ ಚೆನ್ನಾಗಿದೆ" ಎಂದು ಅರ್ಧ ಗಂಟೆ ಕುಳಿತು ಚಹಾ ಕುಡಿದರು.

ಮರುದಿನದ ಮೀಟಿಂಗನ್ನು ಪೂರ್ತಿ ನಿಂತೇ ನಡೆಸಿದರು. ನಡುನಡುವೆ ಕಪಾಟಿನ ಮೂಲೆಗೆ ಬೆನ್ನು ಕೊಟ್ಟು ಮೆಲ್ಲಗೆ ಅತ್ತಿತ್ತ ಆಡುತ್ತಿದ್ದರು. ಹೊಸದಾಗಿ ಸೇರಿದ್ದ ಅಕೌಂಟೆಂಟ್ ನನ್ನ ಕಿವಿಯಲ್ಲಿ, "ಸಾಹೇಬರಿಗೆ ಕೆಲಸದ ಮೇಲೆ ಎಷ್ಟು ಆಸಕ್ತಿ ನೋಡಿ, ಒಂದು ನಿಮಿಷ ಕೂರೋದಿಲ್ಲ!" ಎಂದ.

೩. ಕಿಂಡಿ

ಕೆಲಸ ಮುಗಿಯಿತು. ಗ್ಲಾಸ್‌ವೂಲ್ ಮೇಲೆ ಜಿಪ್ಸಮ್ ಹಲಗೆ, ಅದರ ಮೇಲೆ ಬಿಳಿ ಬಣ್ಣ. ಏಸಿ ಹಾಕಿದರೆ ಕೋಣೆ ತಣ್ಣಗೆ. ಖಲಾಸ್ ಎಂದುಕೊಂಡೆ. ನಾಲ್ಕೇ ದಿನಕ್ಕೆ ತಾಯಿಯ ವಿಷಯವಾಗಿ ಮಾಲೀಕರ ಫೋನ್. "ಉಮ್ಮಾ ಸರಿಯಾಗಿ ಊಟ ಮಾಡ್ತಿಲ್ಲ. ಮನೆ ಸತ್ತುಹೋಗಿದೆ ಅಂತಾರೆ. ಬೇಗ ಬಾ."

ಹೋದೆ. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಏನಾಯಿತು ಎಂದು ಕೇಳಿದರೆ ಹಲಗೆಯ ಮೇಲೆ ಬೆರಳಿನಿಂದ ಕುಟ್ಟಿದರು. ಆಗ ನೆನಪಾಯಿತು: ಅಲ್ಲಿ ಅಂಗೈಯಗಲದ ಒಂದು ಹಳೇ ಕಿಂಡಿ ಇತ್ತು. ಆಚೆಗೆ ಪಕ್ಕದ ಮನೆಯವಳ ಅಡುಗೆಕೋಣೆ. ಅಲ್ಲಿನ ಒಲೆಯ ಬಿಸಿ ಈಚೆ ಬರುತ್ತದೆಂದು ನಾವೇ ಮುಚ್ಚಿದ್ದೆವು. ಬಿಸಿಯ ಜೊತೆ ನಲವತ್ತು ವರ್ಷದ ಮಾತೂ ನಿಂತುಹೋಗಿತ್ತು.

ಅಂದೇ ಹಲಗೆ ಕೊರೆದು, ಕಿಂಡಿಗೆ ಹಿಡಿಯಿರುವ ಪುಟ್ಟ ಮರದ ಬಾಗಿಲು ಕೂರಿಸಿದೆವು. "ಮಾತಾಡುವಾಗ ತೆರೆಯಿರಿ, ಆಮೇಲೆ ಮುಚ್ಚಿ" ಎಂದು ಎರಡೆರಡು ಸಲ ಹೇಳಿಕೊಟ್ಟೆ.

ವಾರ ಬಿಟ್ಟು ಹೋದರೆ ಬಾಗಿಲು ಹಾರುಹೊಡೆದಿತ್ತು. ನಮ್ಮ ತಂಪೆಲ್ಲ ಅಡುಗೆಕೋಣೆಯ ಪಾಲು. ಮುಚ್ಚಲು ಕೈ ಹಾಕಿದೆ. ಆಚೆಯಿಂದ ದನಿ ಬಂತು: "ಮುಚ್ಚಬೇಡ! ಜೀವಮಾನದಲ್ಲೇ ಮೊದಲ ಸಲ ಬೆವರದೆ ರೊಟ್ಟಿ ಸುಡ್ತಿದ್ದೇನೆ!"

"ಅಜ್ಜಿ, ಮಾತು ಮುಗಿದ ಮೇಲೆ ಮುಚ್ಚಿ ಅಂತ ಹೇಳಿದ್ದೆನಲ್ಲ?" ಎಂದು ನನ್ನ ಹರುಕು ಅರಬ್ಬಿಯಲ್ಲಿ ಕೇಳಿದೆ.

ಅಜ್ಜಿ ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಹೇಳಿದರು: "ಮಗನೇ, ಅವಳ ಮಾತು ಮುಗಿದರೆ ತಾನೇ ಮುಚ್ಚೋದು?"

ಗೋಡೆಯಾಚೆಯಿಂದ ತಕ್ಷಣ ಉತ್ತರ ಬಂತು: "ಕೇಳಿಸ್ತು!"